ಅಗ್ಗದ ತೊಟ್ಟಿಲು

ಗರ್ಭನಿರೋಧಕ ಬಳಸದೆ ಹನ್ನೆರಡು ತಿಂಗಳು ಒಟ್ಟಿಗೆ ಬಾಳಿದ ಮೇಲೂ ಬಸಿರು ನಿಲ್ಲದಿದ್ದರೆ ಅದು ಬಂಜೆತನ, ಇದು ವೈದ್ಯಶಾಸ್ತ್ರದ ವ್ಯಾಖ್ಯೆ. ಹೆಂಡತಿಯನ್ನು ಕುಂದಾಪುರದಲ್ಲೋ ಭಟ್ಕಳದಲ್ಲೋ ಬಿಟ್ಟು ಕೊಲ್ಲಿಗೆ ದುಡಿಯಲು ಹೋದವನಿಗೆ ಈ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಮೂವತ್ತು ದಿನ ರಜೆ, ಅಂದರೆ ವರ್ಷಕ್ಕೆ ಒಂದೇ ಋತುಚಕ್ರ. ಹನ್ನೆರಡು ಚಕ್ರ ಮುಗಿಯಲು ಹನ್ನೆರಡು ವರ್ಷ ಹಿಡಿಯುತ್ತದೆ. ಇಪ್ಪತ್ತಾರಕ್ಕೆ ಮದುವೆಯಾದವಳಿಗೆ ಆ ಹೊತ್ತಿಗೆ ಮೂವತ್ತೆಂಟು. ಹೆಂಡತಿಯನ್ನು ಅಲ್ಲಿಗೇ ಕರೆಸಿಕೊಳ್ಳಬಹುದಲ್ಲ ಎನ್ನುವಿರಾದರೆ, ಯುಎಇಯಲ್ಲಿ ಕುಟುಂಬದ ವೀಸಾಕ್ಕೆ ತಿಂಗಳ ಸಂಬಳ 4000 ದಿರ್ಹಮ್ ಇರಬೇಕು, ಇಲ್ಲವೇ 3000 ದಿರ್ಹಮ್ ಮತ್ತು ವಾಸಕ್ಕೆ ಮನೆ. ಅಷ್ಟು ಸಂಬಳ ಇದ್ದು ಸಂಸಾರ ಹೂಡಿದವರಿಗೂ ವಿಮೆ ಸಾಮಾನ್ಯವಾಗಿ ಐವಿಎಫ್ ಎಂಬ ಪ್ರನಾಳ ಶಿಶು ಚಿಕಿತ್ಸೆಯ ಖರ್ಚಿನ ಹತ್ತಿರ ಸುಳಿಯುವುದಿಲ್ಲ. ಇನ್ನು ಅಮೆರಿಕದಲ್ಲಿ ಔಷಧಿಯೂ ಸೇರಿ ಒಂದು ಸೈಕಲ್‌ಗೆ, ಅಂದರೆ ಒಂದು ಸುತ್ತಿನ ಚಿಕಿತ್ಸೆಗೆ, 15,000ದಿಂದ 20,000 ಡಾಲರ್ ಆಗುವುದುಂಟು. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿಗೆ ಅದೇ ಚಿಕಿತ್ಸೆ ಮುಗಿಯುತ್ತದೆ. ಹಾಗಾಗಿ ಹಲ್ಲಿನ ಕ್ಯಾಪು, ಹೊಸ ಕನ್ನಡಕಗಳ ಸಾಲಿಗೆ ಇದೂ ಸೇರಿತು: ಊರಿಗೆ ಹೋದಾಗ ಮಾಡಿಸಿಕೊಂಡರಾಯಿತು.

ಈ ಮಾತಿಗೊಂದು ಇತಿಹಾಸವಿದೆ. ಐವಿಎಫ್ ಎಂದೊಡನೆ ಗಾಂಧಾರಿಯ ಕುಂಡಗಳನ್ನು ಎಳೆದು ತರುವುದು ನಮ್ಮಲ್ಲಿ ಚಟವಾಗಿಬಿಟ್ಟಿದೆ. ಆ ಕುಂಡಗಳಿಂದ ಇತಿಹಾಸಕ್ಕೆ ಏನೂ ದಕ್ಕುವುದಿಲ್ಲ. ಅದಕ್ಕಿಂತ ಚನ್ನಪಟ್ಟಣದ ಪಕ್ಕದ ದೊಡ್ಡಮಳೂರನ್ನು ನೆನೆಯುವುದು ಮೇಲು. ಅಲ್ಲಿನ ಅಪ್ರಮೇಯ ದೇವಾಲಯದ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ತೊಟ್ಟಿಲು ಒಪ್ಪಿಸುವ ಹರಕೆ ಹೊರುತ್ತಾರೆ. ಇದ್ದವರು ಬೆಳ್ಳಿಯದು ತರುತ್ತಾರೆ, ಇಲ್ಲದವರು ಮರದ್ದು. ಮಗುವಿಗಾಗಿ ಊರು ಬಿಟ್ಟು ಊರಿಗೆ ಹೋಗುವುದು ಹೊಸದಲ್ಲ. ಹೊಸದೇನೆಂದರೆ ಹೋದ ಕಡೆ ಮರದ ತೊಟ್ಟಿಲಿನ ದರ ಎಂಬುದೊಂದು ಇಲ್ಲದೆ ಹೋದದ್ದು. ಅಗ್ಗದ ಚಿಕಿತ್ಸೆ ಹುಡುಕಿಕೊಂಡು ಗಡಿ ದಾಟುವುದನ್ನು ನಾವು ದೇಶದೇಶಗಳ ನಡುವಿನ ಸಹಜ ಬೆಲೆ ವ್ಯತ್ಯಾಸ ಎಂದು ತಿಳಿದಿದ್ದೇವೆ. ನನಗೆ ಅದು ಹಾಗೆ ಕಾಣುವುದಿಲ್ಲ. ಐವಿಎಫ್ ಹುಟ್ಟುವ ಹೊತ್ತಿಗೇ ಸರ್ಕಾರಗಳು ಅದರ ಖರ್ಚಿಗೆ ಬೆನ್ನು ಹಾಕಿದವು, ಬೆನ್ನು ಹಾಕಿದ ಕಡೆಯೆಲ್ಲ ಬೆಲೆಪಟ್ಟಿ ಬೆಳೆಯಿತು. ಎಲ್ಲಿ ಅದು ಅಗ್ಗವಾಗಿ ಕಂಡಿತೋ ಅಲ್ಲಿ ಉಳಿದ ಬಾಕಿಯನ್ನು ಬೇರೆ ಯಾರೋ ತೀರಿಸುತ್ತಿದ್ದರು.

ಮೊದಲು ಇಂಗ್ಲೆಂಡಿನ ಕಥೆ. ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ 1971ರಲ್ಲಿ ತಮ್ಮ ಐವಿಎಫ್ ಸಂಶೋಧನೆಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದೆ ಹಣ ಕೇಳಿದರು. ಮಂಡಳಿ ಕೊಡಲಿಲ್ಲ. ಸುರಕ್ಷತೆಯ ಬಗೆಗಿನ ಅನುಮಾನಗಳ ಜೊತೆಗೆ ಇನ್ನೊಂದು ಕಾರಣವೂ ಇತ್ತು: ಜಗತ್ತಿನಲ್ಲಿ ಜನ ಹೆಚ್ಚಾಗಿರುವುದೇ ಸಮಸ್ಯೆಯಾಗಿರುವಾಗ ಮಕ್ಕಳಾಗದವರಿಗೆ ಮಕ್ಕಳಾಗಿಸುವುದಕ್ಕೇನು ಆತುರ ಎಂಬ ಧೋರಣೆ. ಓಲ್ಡಮ್ ಎಂಬ ಗಿರಣಿ ಊರಿನಲ್ಲಿ, ಬೇರೆ ಮೂಲಗಳಿಂದ ಬಂದ ಹಣದಲ್ಲಿ ಅವರು ಕೆಲಸ ಮುಂದುವರಿಸಿದರು. 1978ರ ಜುಲೈ 25ರಂದು ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಜಗತ್ತೇ ಬೆರಗಾದ ಮೇಲಾದರೂ ಸರ್ಕಾರಿ ಆರೋಗ್ಯ ಸೇವೆ ಇವರಿಗೆ ಒಂದು ವಾರ್ಡು ಕೊಡಬಹುದಿತ್ತು. ಕೊಡಲಿಲ್ಲ. ಎರಡು ವರ್ಷ ಕಳೆದು 1980ರಲ್ಲಿ ಕೇಂಬ್ರಿಜ್ ಹತ್ತಿರದ ಬೋರ್ನ್ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ಖಾಸಗಿ ಕ್ಲಿನಿಕ್ ತೆರೆಯಿತು. ಜಗತ್ತಿನ ಮೊದಲ ಐವಿಎಫ್ ಕ್ಲಿನಿಕ್ಕಿನ ಬಾಗಿಲಲ್ಲೇ ಗಲ್ಲಾಪೆಟ್ಟಿಗೆ ಇತ್ತು ಎಂಬುದನ್ನು ಮರೆಯಬಾರದು. ಆಮೇಲೆ ಬಂದವರೆಲ್ಲ ಅದನ್ನೇ ಮಾದರಿ ಎಂದುಕೊಂಡರು.

ನಮ್ಮಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಲೂಯಿಸ್ ಹುಟ್ಟಿ ಎಪ್ಪತ್ತು ದಿನಕ್ಕೆ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಸುಭಾಷ್ ಮುಖ್ಯೋಪಾಧ್ಯಾಯ ಎಂಬ ವೈದ್ಯರ ಕೆಲಸದ ಫಲವಾಗಿ ಒಂದು ಹೆಣ್ಣುಮಗು ಹುಟ್ಟಿತು. ದುರ್ಗಾ ಎಂಬ ಹೆಸರಿನಲ್ಲಿ ಸುದ್ದಿಯಾಯಿತು. ಸ್ಟೆಪ್ಟೋ ಹೊಟ್ಟೆಗೆ ಕೊಳವೆ ಇಳಿಸಿ, ಸಹಜ ಚಕ್ರದಲ್ಲಿ ಬಲಿಯುವ ಒಂದೇ ಅಂಡಾಣುವಿಗೆ ಕಾದು ಕೂತರೆ, ಮುಖ್ಯೋಪಾಧ್ಯಾಯರು ಔಷಧಿ ಕೊಟ್ಟು ಹಲವು ಅಂಡಾಣು ಬಲಿಸಿದರು, ಯೋನಿಮಾರ್ಗದಿಂದ ತೆಗೆದರು, ಭ್ರೂಣವನ್ನು ಹೆಪ್ಪುಗಟ್ಟಿಸಿ ಇಟ್ಟು ಆಮೇಲೆ ಗರ್ಭಕ್ಕೆ ಸೇರಿಸಿದರು. ಇವತ್ತು ಯಾವ ಕ್ಲಿನಿಕ್ಕಿಗೆ ಹೋದರೂ ನಡೆಯುವುದು ಸ್ಥೂಲವಾಗಿ ಈ ಎರಡನೆಯ ದಾರಿಯೇ. ಪಶ್ಚಿಮ ಬಂಗಾಳ ಸರ್ಕಾರ ಒಂದು ಸಮಿತಿ ನೇಮಿಸಿತು. ಅದರ ಮುಖ್ಯಸ್ಥರು ರೇಡಿಯೊ ಭೌತಶಾಸ್ತ್ರದವರು. ಸಮಿತಿ ನಂಬಲಿಲ್ಲ. ಜಪಾನಿನ ವಿಚಾರಸಂಕಿರಣವೊಂದಕ್ಕೆ ಹೋಗಲು ಮುಖ್ಯೋಪಾಧ್ಯಾಯರಿಗೆ ಅನುಮತಿ ಸಿಗಲಿಲ್ಲ. ಕೊನೆಗೆ ಕಣ್ಣಿನ ಚಿಕಿತ್ಸೆಯ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ನೇಣು ಹಾಕಿಕೊಂಡರು. ಅವರ ಟಿಪ್ಪಣಿಗಳನ್ನು ಓದಿ, 1997ರಲ್ಲಿ ಲೇಖನ ಬರೆದು, ಇವರೇ ಮೊದಲಿಗರು ಎಂದು ಒಪ್ಪಿಕೊಂಡವರು ಟಿ.ಸಿ. ಆನಂದ್ ಕುಮಾರ್. ಒಪ್ಪಿಕೊಂಡರು ಎನ್ನಲು ಕಾರಣವಿದೆ: ಅಲ್ಲಿಯವರೆಗೆ ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಆನಂದ್ ಕುಮಾರರದೇ ತಂಡಕ್ಕೆ ಸಲ್ಲುತ್ತಿತ್ತು. ಸರ್ಕಾರಿ ಸೇವೆ ಮುಗಿಸಿ ಬೆಂಗಳೂರಿನಲ್ಲಿ ಬಂಜೆತನ ಚಿಕಿತ್ಸೆಯ ಕ್ಲಿನಿಕ್ ನಡೆಸಿದ ವಿಜ್ಞಾನಿ ಅವರು. ತನ್ನ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರ ತಲೆಗಿಟ್ಟ ಇಂಥ ಪ್ರಸಂಗ ನಮ್ಮ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಕಡಿಮೆ ಸಲಕರಣೆಯಲ್ಲಿ ಈ ಕೆಲಸ ಮಾಡಬಹುದೆಂದು ತೋರಿಸಿದ ಒಂದು ದಾರಿಯನ್ನು ಸರ್ಕಾರ ತನ್ನ ಕೈಯಾರೆ ಮುಚ್ಚಿತು.

ಔಷಧಿಯ ಮಾತು ಬಂತು. ಅಂಡಾಣು ಬಲಿಸುವ ಆ ಚುಚ್ಚುಮದ್ದಿನ ಮೂಲ ಮುಟ್ಟು ನಿಂತ ಹೆಂಗಸರ ಮೂತ್ರ. ಪಿಯರೊ ಡೊನೀನಿ ಎಂಬ ರಸಾಯನಶಾಸ್ತ್ರಜ್ಞ 1940ರ ದಶಕದ ಕೊನೆಯಲ್ಲಿ ಅದನ್ನು ಬೇರ್ಪಡಿಸಿದರು; ಆದರೆ ಅಷ್ಟು ಮೂತ್ರವನ್ನು ದಿನಾ ಎಲ್ಲಿಂದ ತರುವುದು? ಮುಟ್ಟು ನಿಂತವರೇ ತುಂಬಿರುವ, ಬಸುರಿಯರು ಖಂಡಿತ ಇಲ್ಲದ ಜಾಗ ಬೇಕಿತ್ತು. ಪೋಪರ ಸಂಬಂಧಿಯೊಬ್ಬರು ಔಷಧ ಕಂಪನಿಯ ಆಡಳಿತ ಮಂಡಳಿಯಲ್ಲಿದ್ದರು. ಇಟಲಿಯ ಕ್ರೈಸ್ತ ಸಂನ್ಯಾಸಿನಿಯರ ಮಠಗಳ ಬಾಗಿಲಿಗೆ ಟ್ಯಾಂಕರುಗಳು ಬಂದವು. ಒಬ್ಬಳ ಒಂದು ಸುತ್ತಿನ ಚಿಕಿತ್ಸೆಗೆ ಹತ್ತು ಸಂನ್ಯಾಸಿನಿಯರ ಹತ್ತು ದಿನದ ಮೂತ್ರ ಬೇಕಾಗುತ್ತಿತ್ತಂತೆ. ಆ ಔಷಧಿಯಿಂದ ಬಸಿರಾದ ಮೊದಲ ಹೆಣ್ಣು 1962ರಲ್ಲಿ ಇಸ್ರೇಲಿನಲ್ಲಿ ಹೆತ್ತಳು. ಹೆರಲಾರೆವೆಂದು ವ್ರತ ತೊಟ್ಟವರು ಹೆರಬೇಕೆಂದವರಿಗೆ ಪುಕ್ಕಟೆಯಾಗಿ ಕೊಟ್ಟದ್ದು ಕಂಪನಿಯ ಬಾಟಲಿ ಸೇರಿದ ಮೇಲೆ ದುಬಾರಿಯಾಯಿತು. ಈ ಉದ್ಯಮದ ಲೆಕ್ಕದಲ್ಲಿ ಕಾಣದ ಕೊಡುಗೈ ಅಲ್ಲಿಂದಲೇ ಶುರು.

ಜನ ಗಡಿ ದಾಟುವುದಕ್ಕೆ ಬೆಲೆಯೊಂದೇ ಕಾರಣವಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆ. ಯುರೋಪಿನ ಆರು ದೇಶಗಳ 46 ಕ್ಲಿನಿಕ್ಕುಗಳಲ್ಲಿ ಒಂದು ತಿಂಗಳು ಹೊರದೇಶದ ರೋಗಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದಕ್ಕೆ ಒಳ್ಳೆಯ ಆಧಾರ. ಜರ್ಮನರಲ್ಲಿ ನೂರಕ್ಕೆ 80 ಮಂದಿ, ಇಟಲಿಯವರಲ್ಲಿ 70 ಮಂದಿ ಹೇಳಿದ ಕಾರಣ ತಮ್ಮ ದೇಶದ ಕಾನೂನು. ಜರ್ಮನಿಯ 1990ರ ಕಾಯ್ದೆ ಅಂಡಾಣು ದಾನವನ್ನು ಅಪರಾಧವೆನ್ನುತ್ತದೆ. ಇಟಲಿ 2004ರಲ್ಲಿ ದಾನದ ಅಂಡಾಣು, ದಾನದ ವೀರ್ಯ ಎರಡನ್ನೂ ನಿಷೇಧಿಸಿ ಹತ್ತು ವರ್ಷದ ಮೇಲೆ ತನ್ನದೇ ಸಾಂವಿಧಾನಿಕ ನ್ಯಾಯಾಲಯದಿಂದ ಪೆಟ್ಟು ತಿಂದಿತು. ಬ್ರಿಟಿಷರು ಹೇಳಿದ ಕಾರಣದಲ್ಲಿ ಸರದಿಯೂ ಸೌಲಭ್ಯದ ಕೊರತೆಯೂ ಎದ್ದು ಕಾಣುತ್ತವೆ. 2004ರಲ್ಲಿ ಅಲ್ಲಿನ ತಜ್ಞ ಸಂಸ್ಥೆ 23ರಿಂದ 39ರ ವಯಸ್ಸಿನ ಹೆಂಗಸರಿಗೆ ಮೂರು ಸೈಕಲ್ ಸರ್ಕಾರವೇ ಕೊಡಬೇಕೆಂದಿತು. ಆರೋಗ್ಯ ಮಂತ್ರಿ ಸದ್ಯಕ್ಕೆ ಒಂದಾದರೂ ಕೊಡೋಣ ಎಂದರು. ಹಾಗಾದರೆ ನನ್ನ ವಾದ ಬಿದ್ದುಹೋಯಿತೆ? ಇಲ್ಲ, ಗಟ್ಟಿಯಾಯಿತು. ಬೇಡವೆನ್ನುವ ಕಾನೂನೂ ಕೊಡದಿರುವ ಖಜಾನೆಯೂ ಒಂದೇ ಸರ್ಕಾರದ ಎರಡು ಕೈ. ಎರಡರಲ್ಲಿ ಯಾವುದು ತಳ್ಳಿದರೂ ಮನುಷ್ಯ ಹೋಗಿ ನಿಲ್ಲುವುದು ಕಾನೂನು ಬಾಯಿ ಬಿಡದ ಕಡೆ.

ಹಾಗೆ ಬಾಯಿ ಬಿಡದೆ ಬಹುಕಾಲ ಕುಳಿತಿದ್ದ ದೇಶ ನಮ್ಮದು. ಗುಜರಾತಿನ ಆನಂದ್ ಪಟ್ಟಣ ಅಮುಲ್ ಹಾಲಿಗೆ ಹೆಸರಾದದ್ದು. 2004ರ ಜನವರಿಯಲ್ಲಿ ಅಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮಗಳಿಗಾಗಿ ತಾಯಿಯೇ ಗರ್ಭ ಹೊತ್ತು ಅವಳಿ ಮೊಮ್ಮಕ್ಕಳನ್ನು ಹೆತ್ತಳು. ವೈದ್ಯೆ ನಯನಾ ಪಟೇಲ್. ತವರಿನ ಆ ಉಪಕಾರದಲ್ಲಿ ದುಡ್ಡಿನ ಮಾತಿರಲಿಲ್ಲ. ಆದರೆ ಸುದ್ದಿ ಹಬ್ಬಿದ ಮೇಲೆ ತಾಯಿಯ ಜಾಗಕ್ಕೆ ಪಕ್ಕದ ಹಳ್ಳಿಗಳ ಬಡ ಹೆಂಗಸರು ಬಂದರು. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾರ್ಗಸೂಚಿ ಹೊರಡಿಸಿತು, ಅದಕ್ಕೆ ಕಾನೂನಿನ ಬಲವಿರಲಿಲ್ಲ. ಅಮೆರಿಕದಲ್ಲಿ ಆಗುತ್ತಿದ್ದ ಖರ್ಚಿನ ಮೂರನೆಯ ಒಂದಂಶಕ್ಕೆ ಇಲ್ಲಿ ಮಗು ಕೈಗೆ ಬರುತ್ತಿತ್ತು. ಈ ಅಗ್ಗದ ಗುಟ್ಟು ಏನೆಂದು ಬೆಂಗಳೂರಿನಲ್ಲೇ ಕೂತು ಅಧ್ಯಯನ ಮಾಡಿದವರು ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ. ಅವರು ಮಾತನಾಡಿಸಿದ ಬಾಡಿಗೆ ತಾಯಂದಿರಲ್ಲಿ ಅನೇಕರು ಗಾರ್ಮೆಂಟ್ಸ್‌ನಲ್ಲಿ ದುಡಿದವರು. 2015ರ ಅವರ ಪುಸ್ತಕದಲ್ಲಿ ನಮಗೆ ಎದುರಾಗುವ ಮಾತು ಮುಜುಗರ ತರುತ್ತದೆ: ಹೊಲಿಗೆ ಯಂತ್ರದ ಮುಂದೆ ಬೈಗುಳ ತಿನ್ನುವುದಕ್ಕಿಂತ ಇದೇ ಮೇಲು ಎಂದು ಆ ಹೆಂಗಸರಿಗೆ ಅನ್ನಿಸಿತ್ತು. ಬಾಡಿಗೆ ತಾಯ್ತನವನ್ನು ಸಮರ್ಥಿಸುವವರು ಇದನ್ನೇ ಹಿಡಿದು, ಅವರಾಗಿಯೇ ಒಪ್ಪಿದ್ದಾರೆ, ನಿಮಗೇನು ಕಷ್ಟ ಎನ್ನುತ್ತಾರೆ. ಒಪ್ಪಿದ್ದು ನಿಜ. ಅವರು ಒಪ್ಪಿದ್ದರಿಂದ ಗೊತ್ತಾಗುವುದು ಗರ್ಭಕ್ಕೆ ನ್ಯಾಯವಾದ ಬೆಲೆ ಸಿಕ್ಕಿತೆಂದಲ್ಲ, ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕೂಲಿ ಎಷ್ಟು ಕಡಿಮೆಯೆಂದು. ದೂರದ ದಂಪತಿಗೆ ಉಳಿದ ಡಾಲರಿನಲ್ಲಿ ಒಂದಷ್ಟು ಆ ಕೂಲಿಯಿಂದ ಉಳಿದದ್ದು.

ಕಾನೂನಿನ ಮೌನ ಎಷ್ಟು ದಿನ ನಡೆದೀತು? 2008ರ ಜುಲೈ 25ರಂದು, ಲೂಯಿಸ್ ಬ್ರೌನ್‌ಗೆ ಸರಿಯಾಗಿ ಮೂವತ್ತು ತುಂಬಿದ ದಿನ, ಆನಂದ್‌ನಲ್ಲಿ ಮಂಜಿ ಹುಟ್ಟಿದಳು. ಆಕೆಯನ್ನು ಬಯಸಿದ್ದ ಜಪಾನಿ ದಂಪತಿ ಹೆರಿಗೆಗೆ ಮೊದಲೇ ಬೇರೆಯಾಗಿದ್ದರು. ಅಂಡಾಣು ಕೊಟ್ಟವಳು ಯಾರೋ, ಹೆತ್ತವಳು ಇನ್ನೊಬ್ಬಳು, ಬಯಸಿದವಳು ಕೈಬಿಟ್ಟಳು. ಮೂವರು ತಾಯಂದಿರ ಮಗುವಿಗೆ ತಾಯಿಯೇ ಇಲ್ಲ. ಅಜ್ಜಿ ಜಪಾನಿನಿಂದ ಬಂದು ಮಗುವನ್ನು ನೋಡಿಕೊಂಡರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದೇ ವರ್ಷ ಅದೇ ಊರಿನಲ್ಲಿ ಜರ್ಮನ್ ದಂಪತಿಗೆ ಹುಟ್ಟಿದ ಅವಳಿಗಳನ್ನು ಜರ್ಮನಿ ತನ್ನವರೆಂದು ಒಪ್ಪಲಿಲ್ಲ. ಅವರು ಇಲ್ಲಿಂದ ಹೊರಡಲು 2010 ಆಯಿತು. 2012ರಲ್ಲಿ ಗೃಹ ಸಚಿವಾಲಯ ವೀಸಾ ನಿಯಮ ಬಿಗಿ ಮಾಡಿತು, 2015ರ ಕೊನೆಗೆ ವಿದೇಶಿಯರಿಗೆ ಬಾಗಿಲು ಮುಚ್ಚಿತು, 2021ರ ಎರಡು ಕಾಯ್ದೆಗಳು ಹಣದ ಬಾಡಿಗೆ ತಾಯ್ತನವನ್ನೇ ನಿಲ್ಲಿಸಿದವು. ವ್ಯಾಪಾರ ನಿಂತಿತೆ? ತಗ್ಗು ಕಂಡ ಕಡೆ ನೀರು ಹರಿಯಿತು. ಥಾಯ್ಲೆಂಡಿಗೆ ಹೋಯಿತು, ಅದು 2015ರಲ್ಲಿ ನಿಷೇಧಿಸಿತು. ನೇಪಾಳಕ್ಕೆ ಹೋಯಿತು, ಅಲ್ಲಿ ಹೊರುತ್ತಿದ್ದವರಲ್ಲಿ ಭಾರತದಿಂದ ಗಡಿ ದಾಟಿಸಿ ತಂದ ಹೆಂಗಸರೂ ಇದ್ದರು ಎಂಬುದು ಜಗತ್ತಿಗೆ ಗೊತ್ತಾದದ್ದು 2015ರ ಏಪ್ರಿಲ್ ಭೂಕಂಪದಲ್ಲಿ, ಇಸ್ರೇಲ್ ವಿಮಾನ ಕಳಿಸಿ ನವಜಾತ ಶಿಶುಗಳನ್ನು ಕರೆಸಿಕೊಂಡಾಗ. ಶಿಶುಗಳು ಹೊರಟವು, ಹೆತ್ತವರು ಅದುರುವ ನೆಲದ ಮೇಲೆ ಉಳಿದರು. ಆಮೇಲೆ ಕಾಂಬೋಡಿಯ, ಅದೂ 2016ರಲ್ಲಿ ನಿಲ್ಲಿಸಿತು, ಆಮೇಲೆ ಉಕ್ರೇನ್. 2020ರ ಲಾಕ್‌ಡೌನಿನಲ್ಲಿ ಕೀವ್‌ನ ಹೋಟೆಲೊಂದರಲ್ಲಿ ಸಾಲುಸಾಲಾಗಿ ಮಲಗಿಸಿದ್ದ, ಅಪ್ಪ ಅಮ್ಮ ಬರಲಾಗದ ಹತ್ತಾರು ಹಸುಗೂಸುಗಳ ಚಿತ್ರ ಹಲವರಿಗೆ ನೆನಪಿರಬಹುದು.

ಬಾಡಿಗೆ ತಾಯ್ತನ ವಿಪರೀತದ ಉದಾಹರಣೆ, ಸಾಮಾನ್ಯ ಐವಿಎಫ್‌ಗೂ ಅದಕ್ಕೂ ತಾಳೆ ಹಾಕುವುದೇಕೆ ಎಂದು ಕೇಳಬಹುದು. ಊರಿಗೆ ಬಂದು ತನ್ನದೇ ಅಂಡಾಣು, ಗಂಡನದೇ ವೀರ್ಯದಿಂದ ಮಗು ಪಡೆಯುವವಳು ಯಾರ ಬಾಕಿಯನ್ನು ಉಳಿಸಿಹೋದಳು? ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ರಜೆಯ ಕ್ಯಾಲೆಂಡರಿನಲ್ಲಿದೆ. ಮುಟ್ಟಿನ ಎರಡನೆಯ ದಿನಕ್ಕೆ ಸ್ಕ್ಯಾನಿಂಗ್, ಅಲ್ಲಿಂದ ಹತ್ತು ಹನ್ನೆರಡು ದಿನ ಹೊಟ್ಟೆಯ ಚರ್ಮಕ್ಕೆ ಚುಚ್ಚುಮದ್ದು, ಔಷಧಿ ಫ್ರಿಜ್ಜಿನಲ್ಲಿರಬೇಕು. ಆಮೇಲೆ ಟ್ರಿಗರ್ ಇಂಜೆಕ್ಷನ್. ಅದನ್ನು ರಾತ್ರಿ ಹತ್ತಕ್ಕೆ ಎಂದರೆ ಹತ್ತಕ್ಕೇ ಕೊಡಬೇಕು, ಏಕೆಂದರೆ ಅಲ್ಲಿಂದ ಮೂವತ್ತಾರು ಗಂಟೆಗೆ, ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ, ಅಂಡಾಣು ತೆಗೆಯುತ್ತಾರೆ. ತಡವಾದರೆ ಅವು ತಾವೇ ಕಳಚಿಕೊಂಡು ಕೈಗೆ ಸಿಗದೆ ಹೋಗುತ್ತವೆ. ಮೂರರಿಂದ ಐದು ದಿನಕ್ಕೆ ಭ್ರೂಣ ಗರ್ಭಕ್ಕೆ. ಫಲಿತಾಂಶಕ್ಕೆ ಇನ್ನೆರಡು ವಾರ. ಗಂಡನ ರಜೆ ಅಷ್ಟರೊಳಗೆ ಮುಗಿದಿರುತ್ತದೆ. ವೀರ್ಯವನ್ನು ಮೊದಲೇ ಶೈತ್ಯೀಕರಿಸಿಟ್ಟು ಹೊರಟವರೂ ಇದ್ದಾರೆ. ಎಳೆಯ ವಯಸ್ಸಿನವರಲ್ಲೇ ಒಂದು ಪ್ರಯತ್ನದಲ್ಲಿ ಮಗು ಕೈಗೆ ಬರುವುದು ಸುಮಾರು ಮೂವರಲ್ಲಿ ಒಬ್ಬರಿಗೆ. ನಲವತ್ತು ದಾಟಿದರೆ ಅದು ಹತ್ತರಲ್ಲಿ ಒಂದಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಹೀಗೆ ಒಂದೇ ರಜೆ, ಒಂದೇ ಕಂತು ದುಡ್ಡು ಇರುವವಳು ವೈದ್ಯರಲ್ಲಿ ಕೇಳುವುದೇನು? ಎರಡು ಹಾಕಿ, ಸಾಧ್ಯವಾದರೆ ಮೂರು ಹಾಕಿ. ಅವಳಿ ತ್ರಿವಳಿಗಳ ಅವಧಿಪೂರ್ವ ಹೆರಿಗೆ, ಗಾಜಿನ ಪೆಟ್ಟಿಗೆಯ ವಾರಗಳು ಇವು ಬೆಲೆಪಟ್ಟಿಯಲ್ಲಿ ಇರುವುದಿಲ್ಲ. ಇಲ್ಲಿ ಬಾಕಿ ತೀರಿಸುವುದು ಹುಟ್ಟಿದ ಮಗು.

ಹೀಗಾಗಬೇಕಿಲ್ಲ ಎಂದು ತೋರಿಸಿದ ದೇಶ ಬೆಲ್ಜಿಯಂ. 2003ರಲ್ಲಿ ಅದು ತನ್ನ ಪ್ರಜೆಗಳಿಗೆ ಆರು ಸೈಕಲ್‌ಗಳ ಪ್ರಯೋಗಾಲಯದ ಖರ್ಚನ್ನು ವಹಿಸಿಕೊಂಡಿತು. ಬದಲಿಗೆ ಒಂದು ಕರಾರು: 36ರೊಳಗಿನವರಿಗೆ ಮೊದಲ ಸಲ ಒಂದೇ ಭ್ರೂಣ. ಇನ್ನೂ ಐದು ಅವಕಾಶ ಇದೆಯೆಂದು ಗೊತ್ತಿರುವವಳು ಎರಡು ಹಾಕಿ ಎಂದು ಹಟ ಹಿಡಿಯುವುದಿಲ್ಲ. ಹೆಚ್ಚುಕಡಿಮೆ ಕಾಲುಭಾಗ ಇದ್ದ ಅವಳಿ ಬಸಿರಿನ ಪ್ರಮಾಣ ಅದರ ಅರ್ಧಕ್ಕಿಂತ ಕೆಳಗಿಳಿಯಿತು, ಬಸಿರು ನಿಲ್ಲುವ ಪ್ರಮಾಣ ಮುಗ್ಗರಿಸಲಿಲ್ಲ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಉಳಿದ ಹಣ ಈ ಯೋಜನೆಯ ಖರ್ಚಿಗೆ ಹೊಂದುತ್ತದೆ ಎಂಬ ಲೆಕ್ಕದ ಮೇಲೇ ಅಲ್ಲಿನ ವೈದ್ಯರು ಸರ್ಕಾರವನ್ನು ಒಪ್ಪಿಸಿದ್ದು. ಪ್ರಯೋಗಾಲಯವೇ ದುಬಾರಿ, ಬೆಲೆ ಇಳಿಸುವುದು ಯಾರ ಕೈಲೂ ಇಲ್ಲ ಎನ್ನುವವರಿಗೂ ಅದೇ ದೇಶದಿಂದ ಒಂದು ಉತ್ತರ ಬಂದಿದೆ. ಭ್ರೂಣ ಬೆಳೆಯಲು ಬೇಕಾದ ಇಂಗಾಲದ ಡೈಆಕ್ಸೈಡನ್ನು ದೊಡ್ಡ ಇನ್‌ಕ್ಯುಬೇಟರಿನ ಬದಲು ಎರಡು ಗಾಜಿನ ನಳಿಕೆಗಳಲ್ಲಿ ಸಿಟ್ರಿಕ್ ಆಮ್ಲಕ್ಕೆ ಅಡುಗೆ ಸೋಡಾ ಬೆರೆಸಿ ಪಡೆಯುವ ಉಪಾಯವನ್ನು ಗೆಂಕ್ ನಗರದ ವಿಲ್ಲೆಮ್ ಓಂಬ್ಲೆಟ್ ಮತ್ತು ಸಂಗಡಿಗರು ರೂಪಿಸಿದರು. ಆ ನಳಿಕೆಯ ಮೊದಲ ಮಗು 2012ರಲ್ಲಿ ಹುಟ್ಟಿತು. ವೀರ್ಯಾಣು ತೀರಾ ಕಡಿಮೆ ಇರುವವರಿಗೆ ಈ ವಿಧಾನ ಒದಗದು. ಆದರೂ ಬೆಲೆ ಕಲ್ಲಿನಲ್ಲಿ ಕೆತ್ತಿದ್ದಲ್ಲ ಎಂಬುದಕ್ಕೆ ಅಷ್ಟು ಸಾಕು.

ಕೊನೆಯ ಆಕ್ಷೇಪ ತೂಕದ್ದು. ಬಾಣಂತಿಗೆ ರಕ್ತ ಸಿಗದ ತಾಲ್ಲೂಕು ಆಸ್ಪತ್ರೆಗಳಿರುವ ದೇಶದಲ್ಲಿ ಸರ್ಕಾರ ಐವಿಎಫ್‌ಗೆ ದುಡ್ಡು ಸುರಿಯಬೇಕೆ? 1971ರಲ್ಲಿ ಲಂಡನ್ನಿನ ಮಂಡಳಿ ಹೇಳಿದ್ದರ ಇನ್ನೊಂದು ರೂಪ ಇದು. ಆ ನಿರಾಕರಣೆಯಿಂದ ಚಿಕಿತ್ಸೆ ನಿಲ್ಲಲಿಲ್ಲ, ಮಾರುಕಟ್ಟೆಯ ಕೈಗೆ ಹೋಯಿತಷ್ಟೆ. ಇನ್ನೊಂದು ಸಂಗತಿಯೂ ಇದೆ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಹೋಗಲು ಜನನಾಂಗದ ಕ್ಷಯ ಒಂದು ದೊಡ್ಡ ಕಾರಣ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ. ಕೆಮ್ಮಿಲ್ಲದ ಈ ಕ್ಷಯವನ್ನು ಹೊತ್ತಿಗೆ ಸರಿಯಾಗಿ ಹಿಡಿಯದೆ ಹೋದ ಮೇಲೆ ಅದೇ ಹೆಣ್ಣು ಎರಡು ಲಕ್ಷದ ಸೈಕಲ್ ಮುಂದೆ ಬಂದು ನಿಲ್ಲುತ್ತಾಳೆ. ಬಂಜೆತನದ ಅತಿ ಅಗ್ಗದ ಚಿಕಿತ್ಸೆ ಯಾವ ದೇಶದಲ್ಲಿದೆ ಎಂದು ಹುಡುಕುವವರು ತಮ್ಮ ತಾಲ್ಲೂಕಿನ ಪ್ರಯೋಗಾಲಯದಲ್ಲಿ ಅದು ಏಕೆ ತಪ್ಪಿಹೋಯಿತೆಂದೂ ಕೇಳಬೇಕು. ವಿಮಾನದ ಟಿಕೆಟ್ಟು ತೆಗೆದು ಊರಿಗೆ ಬರುವ ದಂಪತಿಯ ಮೇಲೆ ನನಗೆ ದೂರಿಲ್ಲ. ಅವರಿಗೆ ಉಳಿದ ದಾರಿ ಅದು.

ಟಿ.ಸಿ. ಆನಂದ್ ಕುಮಾರ್ ಮತ್ತು ಇಂದಿರಾ ಹಿಂದುಜಾ ತಂಡದ ಮಗು, ದೇಶದಲ್ಲಿ ದಾಖಲೆಗಳ ಸಮೇತ ಒಪ್ಪಿತವಾದ ಮೊದಲ ಪ್ರನಾಳ ಶಿಶು, 1986ರ ಆಗಸ್ಟ್ 6ರಂದು ಹುಟ್ಟಿದ್ದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ. ಅದು ನಗರಪಾಲಿಕೆ ನಡೆಸುವ ಆಸ್ಪತ್ರೆ. ಅಲ್ಲಿಂದ ಮೂವತ್ತೇಳು ವರ್ಷಕ್ಕೆ, 2023ರಲ್ಲಿ, ಕಾರವಾರದ ಗಡಿಯಾಚೆಯ ಗೋವಾ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಶುರುಮಾಡಿತು.